ಎಡಮುರಿ

ಕಸ್ತೂರಿ ತನ್ನ ಹಿತ್ತಲ ಕೊಳದ ಪಕ್ಕ ಒಂದು ಫಲಕ ಹಾಕಿಸಬೇಕೆಂದಿದ್ದಳು. ಕೊಳದಲ್ಲಿ ಯಾವ ಯಾವ ಬಸವನಹುಳುಗಳಿವೆ, ಯಾವುದರ ಹೆಸರೇನು, ಅದು ಏನು ತಿನ್ನುತ್ತದೆ ಎಂದು ಓಣಿಯ ಮಕ್ಕಳು ಓದಿಕೊಳ್ಳುವ ಹಾಗೆ. ಹೆಸರು ಹೇಳಿಕೊಡುವುದಕ್ಕೆ ತಂಗಿ ನೀಲಾಂಬಿಕಾ ಇದ್ದಳಲ್ಲ. ಇಡೀ ರಾಜ್ಯದಲ್ಲಿ ಚಿಪ್ಪನ್ನು ಬರಿಗಣ್ಣಿನಿಂದ ನೋಡಿ ಜಾತಿ ಹೇಳಬಲ್ಲವರು ಉಳಿದದ್ದೇ ಇಬ್ಬರು. ಇನ್ನೊಬ್ಬರಿಗೆ ಕಣ್ಣಿಗೆ ಪೊರೆ ಬಂದಿತ್ತು.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಧಾರವಾಡದ ಆ ಮನೆಯ ಹಿತ್ತಲಿನಲ್ಲಿ ನೀಲಾಂಬಿಕಾ ಚಹಾ ಸೋಸುವ ಜಾಲರಿ, ಬಿಳಿ ಪಿಂಗಾಣಿ ತಟ್ಟೆ, ಭೂತಗನ್ನಡಿ ಇಟ್ಟುಕೊಂಡು ಕೊಳದ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತಳು. ತಾವರೆ ಎಲೆಯ ಅಡಿಯನ್ನು ಜಾಲರಿಯಿಂದ ಮೆಲ್ಲಗೆ ಕೆರೆದು ತಟ್ಟೆಗೆ ಕೊಡವಿದಳು. ಕಸ್ತೂರಿ ವಹಿ ತೆರೆದು ಪಕ್ಕದಲ್ಲೇ ಕುಳಿತಳು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ಬರೆದುಕೊಳ್ಳುವುದೆಂದರೆ ಅವಳಿಗೆ ಇಷ್ಟ.

"ಇದು ಕೆರೆಶಂಖ," ಎಂದಳು ನೀಲಾಂಬಿಕಾ, ಗೋಲಿ ಗಾತ್ರದ ಹಸಿರುಗಂದು ಹುಳುವೊಂದನ್ನು ಎತ್ತಿ. "ಇದಕ್ಕ ಬಾಗಲಾ ಐತಿ ನೋಡಕ್ಕ. ಅಂಜಿತಂದ್ರ ಒಳಗ ಹೋಗಿ ಹಾಕ್ಕೊಂತೈತಿ. ಉಳದಾವು ತತ್ತಿ ಇಡ್ತಾವು, ಇದು ಮರೀನ ಹಡೀತೈತಿ."

"ಬಾಣಂತಿಗೆ ಬಾಗಲಾ ಬೇಕs ಅಲ್ಲ," ಎಂದು ಕಸ್ತೂರಿ ಬರೆದುಕೊಂಡಳು. "ಮುಂದ?"

"ಇದು ಚಪ್ಪಟೆಸುರುಳಿ. ಹಗ್ಗಾ ಸುತ್ತಿ ಇಟ್ಟಂಗ ಕಾಣತೈತಲ್ಲ, ಅದು. ಇವು ಭಾಳ ಆಗ್ಯಾವು ನಿನ್ನ ಕೊಳದಾಗ." ನಿಜಕ್ಕೂ ಅವು ಎಣಿಸಲಾಗದಷ್ಟಿದ್ದವು. ಎಲೆ, ಕಲ್ಲು, ಕಟ್ಟೆಯ ಗೋಡೆ ಎಲ್ಲೆಡೆ ಅಂಟಿಕೊಂಡಿದ್ದವು.

ಮೂರನೆಯದು ಇನ್ನೊಂದು ಕೆರೆಶಂಖ, ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಮರಿ. ಅಭ್ಯಾಸಬಲದಿಂದ ನೀಲಾಂಬಿಕಾ ಅದರ ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ತನ್ನ ಕಡೆ ತಿರುಗಿಸಿ ಹಿಡಿದಳು. ವಿದ್ಯಾರ್ಥಿಗಳಿಗೆ ಮೊದಲ ದಿನ ಕಲಿಸುವ ಪಾಠ ಅದು. ಬಾಯಿ ಬಲಗಡೆ ಬಂದರೆ ಬಲಮುರಿ, ಎಡಗಡೆ ಬಂದರೆ ಎಡಮುರಿ. ಕೆರೆಶಂಖ ಬಲಮುರಿ. ಯಾವಾಗಲೂ ಬಲಮುರಿ.

ಅವಳ ಬೆರಳ ನಡುವೆ ಇದ್ದ ಮರಿಯ ಬಾಯಿ ಎಡಗಡೆ ಇತ್ತು.

ಹುಟ್ಟುವ ಲಕ್ಷದಲ್ಲಿ ಒಂದು ಹಾಗಿರುವುದುಂಟು. ಮೂವತ್ತು ವರ್ಷದಲ್ಲಿ ಅವಳೇ ಅಂಥ ಒಂದನ್ನು ನೋಡಿದ್ದಳು. ಖುಷಿಪಡಬೇಕಾದ ಸಂಗತಿ. ಆದರೆ ಅವಳು ಇನ್ನೊಂದು ಮರಿಯನ್ನು ಎತ್ತಿದಳು. ಅದೂ ಎಡಮುರಿ. ಮತ್ತೊಂದು. ತಟ್ಟೆಯಲ್ಲಿ ಹತ್ತೊಂಬತ್ತು ಮರಿಗಳಿದ್ದವು, ಹತ್ತೊಂಬತ್ತೂ ಎಡಮುರಿ. ದೊಡ್ಡವು ಏಳು, ಏಳೂ ಬಲಮುರಿ.

"ಯಾಕ, ಏನಾತು?" ಎಂದಳು ಕಸ್ತೂರಿ.

"ಏನಿಲ್ಲ. ಇವನ್ನ ಸ್ವಲ್ಪ ನಮ್ಮ ಕೇಂದ್ರಕ್ಕ ಒಯ್ದು ನೋಡ್ತೀನಿ. ಹೆಸರು ಆಮ್ಯಾಲ ಬರದು ಕಳಸ್ತೀನಿ."

ಅಷ್ಟರಲ್ಲಿ ಓಣಿಯ ಮಕ್ಕಳು ಬಂದು ಕಟ್ಟೆಯ ಮೇಲೆ ಸಾಲಾಗಿ ಕುಳಿತು ನೀರಿಗೆ ಕಾಲು ಇಳಿಬಿಟ್ಟರು. ಮೀನು ಕಚ್ಚಿತೆಂದು ನಗತೊಡಗಿದರು. ಕಸ್ತೂರಿ ವಹಿ ಮುಚ್ಚಿ ಅವರನ್ನೇ ನೋಡುತ್ತ ಕುಳಿತಳು. ಆ ಕೊಳವನ್ನು ಅವಳು ತೋಡಿಸಿದ್ದೇ ಅದಕ್ಕಾಗಿ.

ಹದಿನಾಲ್ಕು ವರ್ಷದ ಹಿಂದೆ ಆ ಸೀಮೆಯ ಕೆರೆಗಳಲ್ಲಿ ಒಂದು ಹೊಸ ಕಾಯಿಲೆ ಕಾಣಿಸಿಕೊಂಡಿತ್ತು. ಜನ ಅದನ್ನು ಕೆರೆಜ್ವರ ಎಂದರು. ಕಣ್ಣಿಗೆ ಕಾಣದ, ಬಾಲ ಸೀಳಿದ ಒಂದು ಮರಿಹುಳು ನೀರಿನಲ್ಲಿ ಈಜಿಕೊಂಡು ಬಂದು ಮನುಷ್ಯರ ಚರ್ಮ ಕೊರೆದು ಒಳಗೆ ಸೇರುತ್ತಿತ್ತು. ಮೊದಲು ಕಾಲಿನ ತುರಿಕೆ, ಆಮೇಲೆ ಜ್ವರ, ವರ್ಷ ತುಂಬುವುದರೊಳಗೆ ಯಕೃತ್ತು ಕಲ್ಲಾಗುತ್ತಿತ್ತು. ಇದ್ದ ಒಂದು ಔಷಧಿಗೆ ಅದು ಬಗ್ಗಲಿಲ್ಲ. ಕಸ್ತೂರಿಯ ಒಬ್ಬಳೇ ಮಗಳು ಚಿನ್ಮಯಿ ಒಂದು ಮದುವೆಗೆಂದು ಹೊನ್ನಗೆರೆಗೆ ಹೋದವಳು ಊರ ಹುಡುಗಿಯರ ಜೊತೆ ಕೆರೆಯಲ್ಲಿ ಒಂದು ಮಧ್ಯಾಹ್ನ ಆಡಿ ಬಂದಿದ್ದಳು. ಹದಿನಾಲ್ಕು ತಿಂಗಳ ನಂತರ ತೀರಿಕೊಂಡಳು. ಕೊನೆಕೊನೆಗೆ ಆ ಒಂಬತ್ತು ವರ್ಷದ ಮಗುವಿನ ಹೊಟ್ಟೆ ತುಂಬು ಬಸುರಿಯ ಹೊಟ್ಟೆಯ ಹಾಗೆ ಬಾತಿತ್ತು. ಅದಾದ ಆರು ವರ್ಷಕ್ಕೆ ಅವಳ ಅಪ್ಪನೂ ಹೃದಯಾಘಾತದಿಂದ ಹೋದ.

ಆ ಹುಳುವಿಗೆ ಒಂದು ದೌರ್ಬಲ್ಯವಿತ್ತು. ಮನುಷ್ಯರೊಳಗೆ ಬರುವ ಮುನ್ನ ಅದು ತೆಳುಚಿಪ್ಪಿನ ಒಂದೇ ಒಂದು ಜಾತಿಯ ನೀರು ಬಸವನಹುಳುವಿನೊಳಗೆ ಬೆಳೆಯಬೇಕಿತ್ತು. ತೆಳುಚಿಪ್ಪು ಇಲ್ಲವಾದರೆ ಕಾಯಿಲೆಯೂ ಇಲ್ಲ. ವಿಷ ಹಾಕಿದರೆ ಕೆರೆಯೇ ಸಾಯುತ್ತದೆ. ಹಾಗಾಗಿ ನೀಲಾಂಬಿಕಾ ಕೆಲಸ ಮಾಡುತ್ತಿದ್ದ ಜಲಜೀವಿ ಕೇಂದ್ರ ಬೇರೆ ದಾರಿ ಹಿಡಿಯಿತು.

ಬಸವನಹುಳುವಿನ ಚಿಪ್ಪು ಯಾವ ಕಡೆ ಸುತ್ತಬೇಕೆಂಬುದನ್ನು ಅದರ ಸ್ವಂತ ವಂಶವಾಹಿ ತೀರ್ಮಾನಿಸುವುದಿಲ್ಲ, ತಾಯಿಯದು ತೀರ್ಮಾನಿಸುತ್ತದೆ. ಕೇಂದ್ರದವರು ತೆಳುಚಿಪ್ಪಿನ ಆ ಒಂದು ವಂಶವಾಹಿಯನ್ನು ತಿದ್ದಿದರು, ತಿದ್ದಿದ್ದು ಮುಂದಿನ ಎಲ್ಲ ಮರಿಗಳಿಗೂ ತಪ್ಪದೆ ಹೋಗುವಂತೆ ಮಾಡಿದರು. ಅದು ತಂದೆಯಿಂದ ಬಂದರೆ ಮರಿ ಎಂದಿನಂತೆ ಬಲಮುರಿಯಾಗಿ ಹುಟ್ಟಿ, ಬೆಳೆದು, ಮತ್ತೆ ಹಂಚುತ್ತದೆ. ತಾಯಿಯಿಂದ ಬಂದರೆ ಮರಿ ಎಡಮುರಿಯಾಗುತ್ತದೆ. ಚಿಪ್ಪು ಎಡಕ್ಕೆ ಸುತ್ತುತ್ತದೆ, ಒಳಗಿನ ಅಂಗಗಳು ಬಲಕ್ಕೇ ಉಳಿಯುತ್ತವೆ, ಬಸಿರಿನ ನಾಳ ಗಂಟುಬೀಳುತ್ತದೆ. ಅದು ತಿನ್ನುತ್ತದೆ, ಬೆಳೆಯುತ್ತದೆ, ಆಯುಷ್ಯ ಪೂರ್ತಿ ಬದುಕುತ್ತದೆ. ಸಂತಾನ ಮಾತ್ರ ಇಲ್ಲ. ತಂದೆಯರು ಹರಡುತ್ತಾರೆ, ತಾಯಂದಿರಲ್ಲಿ ಮುಗಿಯುತ್ತದೆ. ನಾಲ್ಕೈದು ತಲೆಮಾರಿನಲ್ಲಿ ಕೆರೆ ಖಾಲಿ.

ಕೆರೆಗೆ ಏನೋ ಬಿಡುತ್ತಾರಂತೆ ಎಂದು ಊರವರು ಹೆದರಿದ್ದರು. ಅವರನ್ನು ಒಪ್ಪಿಸಿದವಳು ಕಸ್ತೂರಿ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಕೇಂದ್ರದ ಜೀಪಿನಲ್ಲಿ ಎಂಬತ್ತು ಹಳ್ಳಿ ಸುತ್ತಿದಳು. ಮಗಳ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತು ಮಾತಾಡಿದರೆ ಯಾವ ಊರೂ ಬೇಡವೆನ್ನಲಾಗಲಿಲ್ಲ. ಬಿಡುಗಡೆ ಶುರುವಾದ ಮೂರು ವರ್ಷಕ್ಕೆ ಎಲ್ಲ ಕೆರೆಗಳಲ್ಲೂ ತೆಳುಚಿಪ್ಪು ಇಲ್ಲವಾಯಿತು, ಐದನೆಯ ವರ್ಷ ಒಂದು ಮಗುವಿಗೂ ಕೆರೆಜ್ವರ ಬರಲಿಲ್ಲ. ಆಗ ಕಸ್ತೂರಿ ಹಿತ್ತಲಲ್ಲಿ ಕೊಳ ತೋಡಿಸಿದಳು. ಹೊನ್ನಗೆರೆಯ ಕೆರೆಯಿಂದಲೇ ತಾವರೆಯ ಗೆಡ್ಡೆ ತರಿಸಿ ನೆಟ್ಟಳು. ಗೆಡ್ಡೆಯ ಜೊತೆ ಬಸವನಹುಳುಗಳೂ ಬಂದವು.

ಬಿಡುಗಡೆಗೆ ಮೊದಲು ಒಂದು ಪ್ರಮಾಣಪತ್ರ ಬೇಕಿತ್ತು. ತಿದ್ದಿದ ವಂಶವಾಹಿ ಬೇರೆ ಜಾತಿಗೆ ದಾಟುವ ಸಂಭವವಿಲ್ಲ ಎಂದು. ನಾಲ್ಕು ಜಾತಿಗಳನ್ನು ಒಂದೇ ತೊಟ್ಟಿಯಲ್ಲಿ ಹದಿನೆಂಟು ತಿಂಗಳು ಇಟ್ಟು ನೋಡಿ ಆ ಪತ್ರಕ್ಕೆ ಸಹಿ ಹಾಕಿದವಳು ನೀಲಾಂಬಿಕಾ.

ಸೋಮವಾರ ಅವಳು ಏಳು ತಾಯಂದಿರಲ್ಲಿ ಒಂದನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿದಳು. ಹೊಟ್ಟೆಯೊಳಗೆ ಇನ್ನೂ ಹುಟ್ಟದ ಇಪ್ಪತ್ತೆಂಟು ಮರಿಗಳಿದ್ದವು. ಗಾಜಿನಂತೆ ತೆಳುವಾದ, ಒಂದೂವರೆ ಸುತ್ತಿನ ಚಿಪ್ಪುಗಳು. ಸೂಜಿಯಿಂದ ಒಂದೊಂದನ್ನೇ ತಿರುಗಿಸಿ ನೋಡಿದಳು. ಸಾಲುಗಟ್ಟಿ ಇಟ್ಟ ಇಪ್ಪತ್ತೆಂಟೂ ಎಡಕ್ಕೆ ಬಾಯಿ ತೆರೆದಿದ್ದವು.

ತಪ್ಪು ಎಲ್ಲಾಯಿತೆಂದು ಅವಳಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತೆಳುಚಿಪ್ಪು ಎರಡು ತಿಂಗಳಿಗೆ ಒಂದು ತಲೆಮಾರು ದಾಟುತ್ತದೆ. ಕೆರೆಶಂಖಕ್ಕೆ ಒಂದು ವರ್ಷಕ್ಕೂ ಹೆಚ್ಚು ಬೇಕು. ತಾಯಿಗೆ ತಗಲಿದ್ದು ತಾಯಿಯಲ್ಲಿ ಕಾಣುವುದಿಲ್ಲ, ಮರಿಯಲ್ಲಿ ಕಾಣುತ್ತದೆ. ತಂದೆಗೆ ತಗಲಿದ್ದು ಮೊಮ್ಮಕ್ಕಳಲ್ಲಿ. ಹದಿನೆಂಟು ತಿಂಗಳು ನೋಡಿದ್ದು ಸಾಲದಾಗಿತ್ತು. ಅದೇ ತೊಟ್ಟಿಯನ್ನು ಇನ್ನೆರಡು ವರ್ಷ ಇಟ್ಟುಕೊಂಡಿದ್ದರೆ ಕಣ್ಣೆದುರೇ ಕಾಣುತ್ತಿತ್ತು. ಆದರೆ ಆ ಎರಡು ವರ್ಷದಲ್ಲಿ ಎಷ್ಟು ಮಕ್ಕಳು ಸಾಯುತ್ತಿದ್ದರೋ. ಆಗ ಹಾಗೆಂದುಕೊಂಡೇ ಸಹಿ ಹಾಕಿದ್ದಳು.

ನಿರ್ದೇಶಕ ಇನಾಮದಾರರ ಕೋಣೆಯ ಗೋಡೆಯ ತುಂಬ ಕೆರೆಗಳ ನಕಾಶೆ ಇತ್ತು. ಪ್ರತಿ ಕೆರೆಯೂ ಒಂದು ಹಸಿರು ಚುಕ್ಕೆ. ಕೆರೆಗಳಲ್ಲಿ ತೇಲಿಬಿಟ್ಟಿದ್ದ ಯಂತ್ರಗಳು ನೀರಿನಲ್ಲಿ ಕರಗಿದ ಡಿಎನ್‌ಎ ಓದಿ, ತೆಳುಚಿಪ್ಪು ಇದೆಯೇ ಇಲ್ಲವೇ, ಜ್ವರದ ಹುಳು ಇದೆಯೇ ಇಲ್ಲವೇ ಎಂದು ಹೇಳುತ್ತಿದ್ದವು. ಎರಡೂ ಇಲ್ಲವಾದರೆ ಹಸಿರು. ಆ ಯಂತ್ರಗಳು ಬಂದ ಮೇಲೆ ಚಿಪ್ಪು ನೋಡುವವರು ಯಾರಿಗೂ ಬೇಡವಾಗಿದ್ದರು. ನೀಲಾಂಬಿಕಾಳ ಮೂವತ್ತು ವರ್ಷದ ಚಿಪ್ಪಿನ ಸಂಗ್ರಹ ಗೋದಾಮು ಸೇರಿತ್ತು. ಯಂತ್ರಗಳನ್ನು ಕೆರೆಶಂಖದ ಬಗ್ಗೆ ಯಾರೂ ಕೇಳಿರಲಿಲ್ಲ, ಹಾಗಾಗಿ ಅವು ಹೇಳಿರಲೂ ಇಲ್ಲ.

"ಒಂದ ಕೊಳಾ ನೋಡಿ ಹೇಳ್ಲಿಕ್ಕೆ ಬರ್ತದೇನ್ರಿ ನೀಲಾಂಬಿಕಾ ಅವರ?" ಎಂದರು ಇನಾಮದಾರ. ಎಡಮುರಿಯ ಯೋಜನೆಗೆ ಹದಿಮೂರು ವರ್ಷ ಕೊಟ್ಟ ಮನುಷ್ಯ. ದನಿಯಲ್ಲಿ ಸಿಟ್ಟಿರಲಿಲ್ಲ, ಮೊರೆ ಇತ್ತು.

"ಬರೂದಿಲ್ಲ ಸರ್. ಅದಕ್ಕs ಮೂವತ್ನಾಲ್ಕು ಬ್ಯಾರೆ ಬ್ಯಾರೆ ಕೆರಿ ಬಸವನಹುಳಾ ತರಸ್ರಿ. ನಾ ನೋಡ್ತೀನಿ."

"ದಾಟಿದ್ದು ಹ್ಯಾಂಗ?"

"ಗೊತ್ತಿಲ್ಲ. ಇವುಗಳ ಲೋಳಿಯೊಳಗ ಒಂದ ಸಣ್ಣ ಹುಳಾ ಇರತೈತಿ, ಒಂದರ ಮೈಯಿಂದ ಇನ್ನೊಂದರ ಮೈಗೆ ಹೋಕ್ಕೈತಿ. ಅದು ಹೊತ್ತುಕೊಂಡು ಹೋಗಿರಬಹುದು. ಹ್ಯಾಂಗ ಅನ್ನೂದರಿಂದ ಈಗ ಏನೂ ಆಗಂಗಿಲ್ಲ ಸರ್."

ಇನಾಮದಾರ ಮೂರು ದಿನದಲ್ಲಿ ಹುಳು ತರಿಸಿಕೊಟ್ಟರು. ಮೂರು ವಾರ ನೀಲಾಂಬಿಕಾ ಕುಳಿತಲ್ಲಿಂದ ಏಳಲಿಲ್ಲ. ತುದಿ ಮೇಲೆ, ಬಾಯಿ ತನ್ನ ಕಡೆ. ಸಾವಿರದ ಮುನ್ನೂರು ಚಿಪ್ಪು. ಮೂವತ್ತೊಂದು ಕೆರೆಗಳಲ್ಲಿ ಮರಿಗಳೆಲ್ಲ ಎಡಮುರಿ. ಉಳಿದ ಮೂರರಲ್ಲಿ ಮರಿಗಳೇ ಇರಲಿಲ್ಲ. ಸೂಜಿಶಂಖ, ಗುಂಡುಶಂಖ, ಬಲಕ್ಕೆ ಸುತ್ತುವ ಜಾತಿಗಳೆಲ್ಲವೂ ಹಾಗೆಯೇ. ಸಹಜವಾಗಿಯೇ ಎಡಮುರಿಯಾದ ಜಾತಿ ಚಪ್ಪಟೆಸುರುಳಿ ಒಂದೇ. ತಿದ್ದಲು ಅದರಲ್ಲಿ ಏನೂ ಇರಲಿಲ್ಲವಾದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಬೇರೆಯವು ಬಿಟ್ಟುಹೋದ ಜಾಗವನ್ನೆಲ್ಲ ಅದು ತುಂಬಿಕೊಂಡಿತ್ತು.

ವರದಿ ಓದಿ ಇನಾಮದಾರ ಮರುದಿನವೇ ಉಳಿದ ಜಿಲ್ಲೆಗಳ ಬಿಡುಗಡೆ ನಿಲ್ಲಿಸಿದರು. ಆಮೇಲೆ ಅವಳನ್ನು ಕರೆದು ಕೂರಿಸಿ ಕೇಳಿದರು: "ನಿಲ್ಲಿಸಿದ್ದರಿಂದ ಉಪಯೋಗ ಅದನೋ ಇಲ್ಲೋ?"

"ಇಲ್ಲ ಸರ್. ನೀರಿನ ಕೂಡ ಹೋಗೇತಿ ಅದು. ಕಾಲುವಿ, ಹೊಳಿ, ಕೊಕ್ಕರಿ ಕಾಲು."

"ತಿರುಗಿ ತಿದ್ದಲಿಕ್ಕೆ?"

"ನೀವs ಹೇಳ್ರಿ."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಹತ್ತು ಹನ್ನೆರಡು ವರ್ಷ ಬೇಕು. ಅಷ್ಟರಾಗ ತಿದ್ದಲಿಕ್ಕೆ ಶಂಖಾನ ಇರೂದಿಲ್ಲ." ಕನ್ನಡಕ ಮತ್ತೆ ಏರಿಸಿಕೊಂಡು, "ನೂರಾರು ಮಕ್ಕಳು ಬದುಕ್ಯಾರ್ರಿ. ಅದೂ ಖರೇನ ಅಲ್ಲ?" ಎಂದರು.

"ಖರೇ ಸರ್," ಎಂದಳು ನೀಲಾಂಬಿಕಾ.

ಅಕ್ಕನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಕಸ್ತೂರಿ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದಳು. ನೀಲಾಂಬಿಕಾ ಪಕ್ಕದಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕೊಳೆತ ಎಲೆ, ಪಾಚಿ ತಿನ್ನುವವರು ಇಲ್ಲದೆ ಕೆರೆಗಳು ಹೇಗೆ ನಾರತೊಡಗುತ್ತವೆ, ಶಂಖ ತಿಂದು ಬದುಕುವ ಬಾಯ್ಕಳಕ ಕೊಕ್ಕರೆಗಳು ಈ ವರ್ಷ ಎರಡು ಕೆರೆಗಳಲ್ಲಿ ಗೂಡು ಕಟ್ಟದೆ ಹೋದದ್ದು, ಎಲ್ಲ ಹೇಳಿದಳು. ಕಸ್ತೂರಿಯ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತಲೇ ಇತ್ತು.

"ನೀ ಹೇಳೂದೆಲ್ಲಾ ಕೇಳಿದೆ," ಎಂದಳು ಕೊನೆಗೆ. "ಚಿನ್ನೂನ ತಿಂದ ಹುಳಾ ಸತ್ತೈತಿ ಹೌದಲ್ಲೋ?"

"ಹೌದಕ್ಕ."

"ಹಂಗಾರ ನನಗ ಉಳದದ್ದು ಬ್ಯಾಡ. ಕೊಕ್ಕರಿ ಹೋದರ ಹೋಗ್ಲಿ. ಕೆರಿ ನಾರಿದರ ನಾರಲಿ. ನೀ ನನ್ನ ಕೆಟ್ಟಾಕಿ ಅಂದ್ರೂ ಅನ್ನು." ತವೆಯ ಮೇಲಿನ ರೊಟ್ಟಿ ಕರಿಯಾಗುತ್ತಿದ್ದರೂ ಅವಳು ನೋಡಲಿಲ್ಲ. "ಎಂಬತ್ತು ಊರಾಗ ನನ್ನ ಮಗಳ ಫೋಟೋ ಹಿಡಕೊಂಡು ಅಡ್ಡಾಡೀನಿ ನೀಲಾ. ಅದು ತಪ್ಪಂತ ಅನ್ನಬ್ಯಾಡ. ಅಷ್ಟು ಅನ್ನಬ್ಯಾಡ."

ನೀಲಾಂಬಿಕಾ ಇಕ್ಕಳದಿಂದ ಸುಟ್ಟ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು.

ಆದರೆ ಆ ಮಾತು ಅವಳನ್ನು ಬಿಡಲಿಲ್ಲ. ಹುಳು ಸತ್ತಿದೆಯೆಂದು ತಾನು ಹೇಳಿದ್ದು ಯಾವ ಆಧಾರದ ಮೇಲೆ? ಹಸಿರು ಚುಕ್ಕೆಗಳ ಮೇಲೆ. ಕೇಂದ್ರಕ್ಕೆ ಹೋಗಿ ವಿಚಾರಿಸಿದಾಗ ತಿಳಿಯಿತು: ಗೆದ್ದೆವೆಂದು ಘೋಷಿಸಿದ ಮೇಲೆ ಕೆರೆಗಳಿಂದ ಓದುವ ಯಂತ್ರಗಳನ್ನು ತೆಗೆದು ಬೇರೆ ಕೆಲಸಕ್ಕೆ ಕಳಿಸಿದ್ದರು. ಗೋಡೆಯ ಮೇಲಿನ ಹಸಿರು ಎರಡು ವರ್ಷದ ಹಿಂದಿನದು. ಆಮೇಲೆ ಯಾರೂ ನೀರನ್ನು ಓದಿರಲಿಲ್ಲ.

ಅದನ್ನು ನೋಡುವುದಕ್ಕೆ ಯಂತ್ರವೇ ಬೇಕೆಂದಿಲ್ಲ. ನೀಲಾಂಬಿಕಾ ಹಳೆಯ ಕಾಲದ ವಿಧಾನ ಹಿಡಿದಳು. ಹೊನ್ನಗೆರೆಯಿಂದ ಬಂದ ಚಪ್ಪಟೆಸುರುಳಿಗಳನ್ನು ಒಂದೊಂದಾಗಿ ಸಣ್ಣ ಗಾಜಿನ ಬಟ್ಟಲುಗಳಲ್ಲಿ ಇಟ್ಟು, ತಿಳಿನೀರು ಹಾಕಿ, ಮೇಲೆ ಪ್ರಖರವಾದ ದೀಪ ಉರಿಸಿದಳು. ಒಳಗೆ ಏನಾದರೂ ಬೆಳೆಯುತ್ತಿದ್ದರೆ ಬೆಳಕಿಗೆ ಅದು ಹೊರಗೆ ಈಜಿ ಬರುತ್ತದೆ. ಅರವತ್ತು ಬಟ್ಟಲು. ಎರಡು ಗಂಟೆ ಕಳೆದು ಒಂದೊಂದನ್ನೇ ಸೂಕ್ಷ್ಮದರ್ಶಕದ ಕೆಳಗೆ ಸರಿಸಿದಳು. ಹದಿನೇಳನೆಯ ಬಟ್ಟಲಿನ ನೀರು ಮಸುಕಾಗಿತ್ತು, ಯಾರೋ ಒಂದು ಹನಿ ಹಾಲು ಹಾಕಿದ ಹಾಗೆ. ಆ ಮಸುಕಿನೊಳಗೆ ನೂರಾರು ಮರಿಹುಳುಗಳು ಕೊಂಕುತ್ತ ಮೇಲೇರುತ್ತಿದ್ದವು. ಬಾಲಗಳೆಲ್ಲ ತುದಿಯಲ್ಲಿ ಎರಡಾಗಿ ಸೀಳಿದ್ದವು.

ಅರವತ್ತರಲ್ಲಿ ನಾಲ್ಕರಿಂದ ಬಂದವು. ತೆಳುಚಿಪ್ಪು ಇಲ್ಲವಾದಾಗ ಕೆರೆಯಲ್ಲಿ ಉಳಿದ ಜ್ವರದ ಹುಳುಗಳು ಸಾಯುತ್ತ ಸಾಯುತ್ತ, ಹೇಗೋ ಒಂದಷ್ಟು, ಸಿಕ್ಕ ಮನೆಯಲ್ಲಿ ಇರುವುದನ್ನು ಕಲಿತಿದ್ದವು. ಸಿಕ್ಕ ಮನೆಯೆಂದರೆ ಚಪ್ಪಟೆಸುರುಳಿ. ಎಡಮುರಿ ಮುಟ್ಟಲಾಗದ ಒಂದೇ ಜಾತಿ. ಕೆರೆಯಲ್ಲಿ ಇನ್ನು ಮುಂದೆ ಇರುವುದೂ ಅದೊಂದೇ.

ಅಂದು ಮಧ್ಯಾಹ್ನ ಅವಳು ನೇರ ಅಕ್ಕನ ಮನೆಗೆ ಹೋದಳು. ಕಸ್ತೂರಿ ಬಾಗಿಲು ತೆಗೆದವಳು ತಂಗಿಯ ಮುಖ ನೋಡಿಯೇ ಜ್ವರದ ಹುಳು ಮರಳಿದೆಯೆಂದು ತಿಳಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತಳು.

"ನನ್ನ ಕೊಳದಾಗ?" ಎಂದಳು.

"ನೋಡಬೇಕು."

ಇಬ್ಬರೂ ಸೇರಿ ಕೊಳದಿಂದ ಚಪ್ಪಟೆಸುರುಳಿ ಆರಿಸಿದರು. ಕೈಗೆ ರಬ್ಬರಿನ ಗವಸು ಹಾಕಿಕೊಂಡು, ನೀರು ಮೈಗೆ ತಾಗದಂತೆ. ಅಡುಗೆಮನೆಯ ಕಟ್ಟೆಯ ಮೇಲೆ ಇಪ್ಪತ್ತಾರು ಲೋಟ ಸಾಲಾಗಿಟ್ಟು, ನೀಲಾಂಬಿಕಾ ತಂದಿದ್ದ ದೀಪ ಹಚ್ಚಿದರು. ಕಸ್ತೂರಿ ಎರಡು ಗಂಟೆ ಆ ಲೋಟಗಳ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಳು. ಆ ಭಾನುವಾರ ಕಾಲು ಇಳಿಬಿಟ್ಟಿದ್ದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು. ಹನ್ನೊಂದು ಹೆಸರು. ಮುಗಿದರೆ ಮತ್ತೆ ಮೊದಲಿನಿಂದ.

ಒಂದರಿಂದಲೂ ಬರಲಿಲ್ಲ. "ಇಲ್ಲಕ್ಕ. ಇಲ್ಲಿ ಇಲ್ಲ," ಎಂದು ನೀಲಾಂಬಿಕಾ ಹೇಳಿದಾಗ ಕಸ್ತೂರಿ ಕುರ್ಚಿಯಿಂದ ಎದ್ದು ಹಿತ್ತಲಿಗೆ ಹೋಗಿ, ಕೊಡದಿಂದ ಕೊಳದ ನೀರನ್ನು ಎತ್ತಿ ಎತ್ತಿ ಬಿಸಿಲಿಗೆ ಕಾದ ಮಣ್ಣಿಗೆ ಸುರಿಯತೊಡಗಿದಳು. ಬೇಕಾಗಿರಲಿಲ್ಲ. ನೀಲಾಂಬಿಕಾ ತಡೆಯಲಿಲ್ಲ, ಇನ್ನೊಂದು ಕೊಡ ತಂದಳು. ಸಂಜೆಯ ಹೊತ್ತಿಗೆ ತಳದ ಕೆಸರು ಕಂಡಿತು. ಕೆರೆಶಂಖದ ಏಳರಲ್ಲಿ ಉಳಿದಿದ್ದ ಆರು ತಾಯಂದಿರು ನೀಲಾಂಬಿಕಾಳ ಗಾಜಿನ ತೊಟ್ಟಿಯಲ್ಲಿದ್ದವು, ಕೊಳದಲ್ಲಿ ಆ ಜಾತಿಯವು ಉಳಿದದ್ದು ಎಡಮುರಿ ಮರಿಗಳು ಮಾತ್ರ. ಅವು ಕೆಸರಿನ ಮೇಲೆ ಬಾಗಿಲು ಹಾಕಿಕೊಂಡು ಬಿದ್ದಿದ್ದವು.

"ನಾನs ಹೇಳಿದ್ದೆ ಊರಾಗಿನವರಿಗೆ, ಇನ್ನು ನೀರಿಗೆ ಇಳೀರಿ ಅಂತ," ಎಂದಳು ಕಸ್ತೂರಿ ಏದುಸಿರು ಬಿಡುತ್ತ. "ಬ್ಯಾಡಂತನೂ ನಾನs ಹೇಳಬೇಕು. ನಾಳೆ ಜೀಪ್ ಸಿಗತೈತೇನು ಕೇಳು."

ಇನಾಮದಾರ ಜೀಪು ಕೊಟ್ಟರು. ಅಧಿಕೃತ ಪ್ರಕಟಣೆಗೆ ಮೇಲಿನವರ ಒಪ್ಪಿಗೆ ಬರಬೇಕಿತ್ತು, ಬರಲು ತಿಂಗಳುಗಳೇ ಹಿಡಿಯಬಹುದಿತ್ತು. "ನೀವು ಹೋಗ್ರಿ. ನನ್ನ ಕೇಳ್ಯಾರಂದ್ರ ನಾನs ಕಳಿಸೇನಿ ಅಂತೀನಿ," ಎಂದರು.

ಮೊದಲ ಊರಿನಲ್ಲಿ ಪಂಚಾಯಿತಿ ಅಧ್ಯಕ್ಷ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡ. ಆಮೇಲೆ, "ಆವಾಗ ಕೆರಿಗೆ ಹುಳಾ ಬಿಡಾಕ ಒಪ್ರಿ ಅಂದ್ರಿ, ಈಗ ಇಳೀಬ್ಯಾಡ್ರಿ ಅಂತೀರಿ," ಎಂದ. ಒರಟಾಗಿ ಹೇಳಲಿಲ್ಲ. "ದನಾ ಎಲ್ಲಿ ಮೈ ತೊಳಸೂನ್ರಿ ಅಕ್ಕಾರ? ಅರಿವಿ ಎಲ್ಲಿ ಒಗಿಯೂನು? ಕೆರಿಗೆ ಇಳೀದs ಬದುಕಾಕ ನಮಗ ಬರೂದಿಲ್ಲ." ಎರಡನೆಯ ಊರಿನಲ್ಲಿ ಯಾರೂ ಕಟ್ಟೆಗೆ ಬರಲಿಲ್ಲ. ಕಸ್ತೂರಿ ಫೋಟೋವನ್ನು ಚೀಲದಿಂದ ತೆಗೆಯಲೇ ಇಲ್ಲ. "ಎರಡನೇ ಸಲ ತೋರಿಸಾಕ ನನಗ ಮುಖ ಇಲ್ಲ," ಎಂದಳು ಜೀಪಿನಲ್ಲಿ.

ಹೊನ್ನಗೆರೆಗೆ ಅವರು ಮುಟ್ಟಿದಾಗ ಹನ್ನೊಂದು ಗಂಟೆ. ಕೆರೆಯ ಏರಿಯ ಮೇಲೆಯೇ ವಾಸನೆ ಬಡಿಯಿತು. ಮೀನು ಹಿಡಿಯುವ ದುರಗವ್ವ ಎಂಬ ಎಪ್ಪತ್ತು ದಾಟಿದ ಮುದುಕಿ ಮೆಟ್ಟಿಲ ಮೇಲೆ ಕುಳಿತು ಬಲೆ ಹೊಲಿಯುತ್ತಿದ್ದಳು. ಅವಳಿಗೆ ಕಸ್ತೂರಿಯ ಗುರುತು ಸಿಕ್ಕಿತು. ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟಳು. ಕಸ್ತೂರಿ ಹೇಳುವುದನ್ನೆಲ್ಲ ಬಲೆಯಿಂದ ಕಣ್ಣೆತ್ತದೆ ಕೇಳಿದಳು.

"ಶಂಖದ್ದು ನನಗ ಗೊತ್ತೈತಿ," ಎಂದಳು ಆಮೇಲೆ. "ಕುದಿಸಿ ಮುಳ್ಳು ಚುಚ್ಚಿ ತಿರುವಿದರ ಮಾಂಸ ಹೊರಗ ಬರತಿತ್ತು. ನಾಕು ವರ್ಷದ ಹಿಂದ ನೋಡವಾ, ಈ ಕಡೆ ತಿರುವಿದರ ಬರವಲ್ದು, ಆ ಕಡೆ ತಿರುವಬೇಕು. ನನ್ನ ಕೈಗೇ ಮುಪ್ಪು ಬಂತು ಅನ್ಕೊಂಡೆ. ಆಮ್ಯಾಲ ನೋಡಿದರ ಬಸರ ಶಂಖನ ಇಲ್ಲ. ಎರಡು ವರ್ಷಾತು, ಒಂದ ಸಣ್ಣ ಮರಿ ಬಲಿಗೆ ಬಿದ್ದಿಲ್ಲ."

ನಾಲ್ಕು ವರ್ಷ. ನೀಲಾಂಬಿಕಾ ಮೆಟ್ಟಿಲ ಮೇಲೆ ಕುಳಿತಲ್ಲೇ ಲೆಕ್ಕ ಹಾಕಿದಳು. ಆಗ ಎಡಮುರಿ ಉಳಿದ ಕೆರೆಗಳ ಶಂಖಕ್ಕೆ ಇನ್ನೂ ದಾಟಿರಲಿಲ್ಲ. "ಯಾರಿಗೂ ಹೇಳಲಿಲ್ಲೇನಾಯಿ?"

"ಯಾರು ಕೇಳಿದ್ರು ಯವ್ವಾ?"

ಅಷ್ಟಕ್ಕೇ ದುರಗವ್ವ ಬಲೆ ಬಿಟ್ಟು ಎದ್ದಳು. ಓಣಿಯ ಕಡೆ ತಿರುಗಿ ಇಬ್ಬರು ಸೊಸೆಯಂದಿರನ್ನು ಕೂಗಿದಳು, ಕೊಡಲಿ ತರಹೇಳಿದಳು. ಏರಿಯ ಕೆಳಗೆ ಬೆಳೆದಿದ್ದ ಜಾಲಿಯ ಟೊಂಗೆಗಳನ್ನು ಕಡಿದು ಎಳೆತಂದು ಮಕ್ಕಳು ಆಡಲು ಇಳಿಯುವ ಮೆಟ್ಟಿಲ ಬಾಯಿಗೆ ಅಡ್ಡ ಹಾಕತೊಡಗಿದರು. ನೀಲಾಂಬಿಕಾ, ಕಸ್ತೂರಿ ಇಬ್ಬರೂ ಸೆರಗು ಸಿಕ್ಕಿಸಿ ಸೇರಿಕೊಂಡರು. ಮುಳ್ಳು ಚುಚ್ಚಿ ಕಸ್ತೂರಿಯ ಅಂಗೈಯಲ್ಲಿ ರಕ್ತ ಬಂತು, ಅವಳು ಸೀರೆಗೆ ಒರೆಸಿಕೊಂಡು ಮತ್ತೆ ಎಳೆದಳು. ನಾಲ್ಕಾರು ಮನೆಯ ಹೆಂಗಸರು ಬಂದು ದೂರದಲ್ಲಿ ನಿಂತು ನೋಡಿದರು. ಒಬ್ಬಳು ಅರಿವೆಯ ಬುಟ್ಟಿ ಹೊತ್ತವಳು ಮನೆಯ ಕಡೆ ತಿರುಗಿದಳು. ಉಳಿದವರು ಇನ್ನೊಂದು ಬದಿಯಿಂದ ಕೆರೆಗೆ ಇಳಿದರು.

ಟೊಂಗೆಗಳ ಸಾಲು ಮುಗಿದಾಗ ದುರಗವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮತ್ತ ಯಾವಾಗ ತಗೀಬೇಕು ಇದನ್ನ?" ಎಂದು ಕೇಳಿದಳು. "ಜ್ವರ ಯಾವಾಗ ಹೋಕ್ಕೈತಿ, ಶಂಖ ಯಾವಾಗ ಬರ್ತಾವು?"

ಕಸ್ತೂರಿ ತಂಗಿಯ ಕಡೆ ನೋಡಿದಳು. ಸುಳ್ಳು ಹೇಳೆಂದು ಆ ನೋಟ ಕೇಳುತ್ತಿತ್ತೋ, ನಿಜ ಹೇಳೆಂದೋ, ನೀಲಾಂಬಿಕಾಳಿಗೆ ತಿಳಿಯಲಿಲ್ಲ.

"ಶಂಖ ಬರೂದಿಲ್ಲ ಆಯಿ," ಎಂದಳು. "ಇದನ್ನ ನಮ್ಮ ಕಾಲಕ್ಕ ತಗಿಯೂದಲ್ಲ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲ."

ದುರಗವ್ವ ಕೆರೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಬಾಗಿ, ತಾನೇ ಹಾಕಿದ್ದ ಒಂದು ಟೊಂಗೆಯನ್ನು ಎಳೆದು ಪಕ್ಕಕ್ಕೆ ಹಾಕಿದಳು.

"ಹಂಗಾರ ಜಾಲಿ ಸಾಲೂದಿಲ್ಲ," ಎಂದಳು ಸೊಸೆಯಂದಿರಿಗೆ. "ಮಳಿಗಾಲಕ್ಕ ಕೊಳತು ಹೋಕ್ಕೈತಿ. ಗಾಡಿ ಹೂಡಾಕ ಹೇಳ್ರಿ, ಕಲ್ಲs ತರೂಣು."